ಹದಿನಾಲ್ಕನೇ ಸಾಲು

ಹಲ್ ಊರಿನಲ್ಲಿ ಹಿಮಕ್ಕೆ ‘ಸ್ನೋ’ ಅನ್ನುವುದಿಲ್ಲ,
‘ಸ್ನರ್’ ಅನ್ನುತ್ತೇವೆ.
ಫೋನು ನಮಗೆ ಫರ್ನು, ರೋಡು ರರ್ಡು.
ಓಕಾರವನ್ನು ಕಡಲ ಗಾಳಿ ಎಂದೋ
ಕಚ್ಚಿಕೊಂಡು ಹೋಗಿರಬೇಕು.
ಬರೆಯುವಾಗ ಮಾತ್ರ ಎಲ್ಲರೂ ಲಂಡನ್ನಿನವರೇ.

ಎಪ್ಪತ್ತೊಂಬತ್ತರ ಚಳಿಗಾಲ. ನಾನಾಗ
ಸಾವಿನ ವಿಚಾರಣೆಯ ಕಚೇರಿಯಲ್ಲಿ ಬೆರಳಚ್ಚಿನವಳು.
ಕಿವಿಗೆ ಟೇಪು, ಕಾಲ ಕೆಳಗೆ ಪೆಡಲು:
ಒತ್ತಿದರೆ ಸತ್ತವರ ಮನೆಯವರು ಮಾತಾಡುತ್ತಾರೆ,
ಬಿಟ್ಟರೆ ಬಾಯಿ ತೆರೆದಂತೆಯೇ ನಿಲ್ಲುತ್ತಾರೆ.

ಗೋಡೆಗೆ ಪಿಕರಿಂಗ್ ಸಾಹೇಬರು ಅಂಟಿಸಿದ ನಿಯಮ:
ಅಂ, ಊಂ, ತೊದಲು, ಕೆಮ್ಮು ಬೇಡ.
ಅರ್ಧಕ್ಕೆ ಬಿಟ್ಟ ವಾಕ್ಯಕ್ಕೆ ಬಾಲ ಹಚ್ಚಿ.
ನಗು, ಅಳು ಮಾತಲ್ಲ.

ನನಗೇನೂ ಬೇಸರವಿರಲಿಲ್ಲ.
ಅಪ್ಪ ಜೀವಮಾನವಿಡೀ ಮೀನು ಕೊಯ್ದವನು;
ಮುಳ್ಳು ತೆಗೆಯುವ ಕೈ ನಮ್ಮ ಮನೆತನದ್ದು.

ಆ ಮಂಗಳವಾರ ಟೇಪಿನಲ್ಲಿ ಐವಿ ಬ್ಲೆಂಕಿನ್.
ಗಂಡ ವಿಲ್ಫ್, ಮೀನು ಧಕ್ಕೆಯ ಹಮಾಲಿ,
ಬೆಳಗಿನ ಜಾವ ಮೂರಕ್ಕೆ ಕಬ್ಬಿಣದ ಮೆಟ್ಟಿಲಿನಿಂದ ಜಾರಿದವನು.
ಮಂಜುಗಟ್ಟಿದ ಮೆಟ್ಟಿಲಿಗೆ ಕಂಪನಿ
ಉಪ್ಪು ಎರಚಿತ್ತೇ, ಇಲ್ಲವೇ? ಇಷ್ಟೇ ಪ್ರಶ್ನೆ.

ಅವಳು ಹೇಳಿದ್ದು:
‘ಅಲ್ಲಾ... ಅವ್ನು... ಫ್ಲಾಸ್ಕು ಮರ್ತಿದ್ದ ಕಣ್ರೀ, ಮೇಜಿನ್ ಮೇಲೇ ಇತ್ತು,
ನಾನು, ಅಂದ್ರೆ, ಕೂಗ್ದೆ, ಬರೀ ಸ್ನರ್ ಕಣೇ ಅಂದ,
ಹೊರಟ್ಬಿಟ್ಟ.’

ನಾನು ಬರೆದದ್ದು:
‘ನನ್ನ ಪತಿಯು ಹಿಮಪಾತವನ್ನು ಲೆಕ್ಕಿಸದೆ
ಎಂದಿನಂತೆ ಕೆಲಸಕ್ಕೆ ತೆರಳಿದರು.’
ಫ್ಲಾಸ್ಕು? ಅಪ್ರಸ್ತುತ.

ಬರೆದ ಇಂಗ್ಲಿಷಿನಲ್ಲಿ ಯಾರೂ ಏನನ್ನೂ ಮರೆತು ಹೋಗುವುದಿಲ್ಲ.
ಉಚ್ಚರಿಸದ ಅಕ್ಷರಗಳೂ ಕೋಟು ತೊಟ್ಟು ಬಂದು ನಿಂತಿರುತ್ತವೆ,
ನೈಫಿನ ಮುಂದಿನ ಕೆ, ಲ್ಯಾಂಬಿನ ಹಿಂದಿನ ಬಿ,
ಸಾವಿನ ಮನೆಗೆ ಬಂದು
ಏನು ಹೇಳಬೇಕೆಂದು ತಿಳಿಯದ ದೂರದ ನೆಂಟರ ಹಾಗೆ.

ಆಮೇಲೆ ಕಂಪನಿಯ ವಕೀಲ, ಮೆತ್ತಗೆ:
ತಮ್ಮ ಪತಿಗೆ ಮದ್ಯಪಾನದ ಅಭ್ಯಾಸವಿತ್ತೇ?

ಹನ್ನೊಂದು ಸೆಕೆಂಡು ಏನಿಲ್ಲ. ಕುರ್ಚಿ ಕಿರ್ರೆಂದಿತು.
‘ಹೂಂ, ಕುಡೀತಿದ್ದಾ, ನಮ್ ವಿಲ್ಫೂ!’

ಆ ದೀರ್ಘಗಳನ್ನು ನೀವು ಕೇಳಬೇಕಿತ್ತು.
ಆ ‘ಕುಡೀತಿದ್ದಾ’ದ ತುದಿಯಲ್ಲಿ,
ಇಪ್ಪತ್ತು ವರ್ಷ ಚಾಪೆಲ್ಲಿನ ಟೀ ಪಾತ್ರೆ ತೊಳೆದವನೊಬ್ಬ
ಸ್ವಂತ ಮದುವೆಯಲ್ಲೂ
ನಿಂಬೆ ಶರಬತ್ತಿನ ಲೋಟ ಹಿಡಿದು ನಿಂತಿದ್ದ.
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಮೂಗಿನಲ್ಲಿ.

ಕಾಗದದಲ್ಲಿ:
‘ಹೌದು. ಅವರು ಕುಡಿಯುತ್ತಿದ್ದರು.’

ಪೆಡಲು ಬಿಟ್ಟೆ, ಒತ್ತಿದೆ. ಬಿಟ್ಟೆ, ಒತ್ತಿದೆ.
ಆಶ್ಚರ್ಯಸೂಚಕ ಹಾಕಿ ನೋಡಿದೆ; ಅವಳೇ ಕುಡಿದವಳಂತೆ ಕಂಡಳು.
‘ವ್ಯಂಗ್ಯವಾಗಿ’ ಎಂದು ಕಂಸದಲ್ಲಿ ಸೇರಿಸಿದೆ.
ಪಿಕರಿಂಗ್ ಕೆಂಪು ಪೆನ್ಸಿಲಿನಲ್ಲಿ ಹೊಡೆದು ಹಾಕಿದರು:
ನಿನಗೆ ಸಂಬಳ ಕಿವಿಗೆ, ಅಭಿಪ್ರಾಯಕ್ಕಲ್ಲ.
ಬಾಡಿಗೆ ಬಾಕಿ ಇತ್ತು. ಸುಮ್ಮನಾದೆ.

ಮಾರ್ಚಿನಲ್ಲಿ ನಕಲು ಬೇಕೆಂದು ಬಂದಳು,
ಹಸಿರು ಉಣ್ಣೆಯ ಟೊಪ್ಪಿಗೆ, ಒದ್ದೆ ಬೂಟು.
ಕೌಂಟರಿನಲ್ಲೇ ನಿಂತು
ಬೆರಳಿಟ್ಟು, ತುಟಿಯಾಡಿಸಿ ಓದಿದಳು.
‘ಯಾರಿವ್ಳು? ಎಷ್ಟ್ ಚಂದ ಮಾತಾಡ್ತಾಳೆ!
ನಮ್ಮಮ್ಮ ಇದ್ದಿದ್ರೆ ಖುಷಿ ಪಡ್ತಿದ್ಲು.’
ಗಾಜಿನ ಈಚೆ ನಾನು ಮೊಹರಿನ ಮಸಿ ಒರೆಸುತ್ತಿದ್ದೆ,
ಒರೆಸುತ್ತಲೇ ಇದ್ದೆ.

ಹನ್ನೆರಡು. ಹದಿಮೂರು.
ಬೆರಳು ನಿಂತಿತು.

‘ಹೂಂ,’ ಎಂದಳು.

ಮಡಿಸಿದಳು, ನಾಲ್ಕಾಗಿ, ಎಂಟಾಗಿ, ಕೈಚೀಲಕ್ಕೆ ತುರುಕಿದಳು.
‘ಇಲ್ಲಿ ಫರ್ನ್ ಎಲ್ಲಿದೆ? ನಮ್ ತಂಗೀಗೆ ಒಂದ್ ಮಾತ್ ಹೇಳ್ಬೇಕು.’
ಬೀದಿಯಾಚೆಯ ಕೆನೆಬಣ್ಣದ ಡಬ್ಬಿ ತೋರಿಸಿದೆ.

ಗಾಜಿನೊಳಗೆ ಅವಳ ಬಾಯಿ ಆಡುತ್ತಿತ್ತು,
ಕೈ ಆಡುತ್ತಿತ್ತು, ಟೊಪ್ಪಿಗೆ ಆಡುತ್ತಿತ್ತು,
ನಾಣ್ಯ ಮುಗಿಯುವವರೆಗೆ, ಮುಗಿದ ಮೇಲೂ ಒಂದಿಷ್ಟು ಹೊತ್ತು.
ಇಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ.